ತಮ್ಮನೆದುರು ಆಡಲಾಗದ ಮಾತು

ಚಾಪೆ ಹೆಣೆಯುತ್ತಿದ್ದ ಲೆಸಿಯೇಲಿ ಏಳಲು ಹೋದಳು. ಕಾಲು ಮಾತು ಕೇಳಲಿಲ್ಲ. ಊರಿದ ಕೈಯೂ ಜೋತುಬಿತ್ತು. ಅವಳ ಕೂಗಿಗೆ ಪಕ್ಕದ ಮನೆಯಿಂದ ತಮ್ಮ ಸಟೇಕಿ ಓಡಿಬಂದ. ಆ ದ್ವೀಪದ ಕಟ್ಟಳೆಯಂತೆ ತಮ್ಮನಾದವನು ಅಕ್ಕನ ಮೈ ಮುಟ್ಟುವಂತಿಲ್ಲ, ಅವಳೆದುರು ಮೈಯ ಮಾತು ಆಡುವಂತೆಯೂ ಇಲ್ಲ; ಹಾಗಾಗಿ ಹೆಂಡತಿಯಿಂದ ಎತ್ತಿಸಿ, ವ್ಯಾನಿನಲ್ಲಿ ನೆಯಾಫುವಿನ ಆಸ್ಪತ್ರೆಗೆ ಕರೆತಂದ.

"ಭೇದಿ ಆಗ್ತಿದೆಯಾಮ್ಮಾ?" ಆಸ್ಟ್ರೇಲಿಯಾದಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಕೇಳಿದಳು.

ತಮ್ಮ ಅಲ್ಲೇ ನಿಂತಿದ್ದ. ಲೆಸಿಯೇಲಿ ನಾಚಿಕೆಯಿಂದ ಹಿಡಿಯಷ್ಟಾದಳು.

"ಏ ಸಟೇಕಿ, ಅಕ್ಕನ ಹೊಟ್ಟೆ ಪುರಾಣ ಕೇಳೋಕೆ ನಿಂತಿದ್ದೀಯಾ? ನಾಚ್ಕೆ ಆಗಲ್ವಾ? ನಡಿ ಆಚೆ!" ನರ್ಸ್ ಪಸೆಮಾಟ ಗದರಿದಳು. ಅವನು ತಲೆ ತಗ್ಗಿಸಿ ಜಗಲಿಗೆ ಹೋದ.

"ಈಗ್ಲಾದ್ರೂ ಹೇಳೇ," ಎಂದಳು ಪಸೆಮಾಟ.

"ಏನಿಲ್ಲ. ನಿನ್ನೆ ಒಂದೆರಡು ಸಲ, ಅಷ್ಟೇ."

ನಿಜಕ್ಕಾದರೆ ನೀರು, ಮೊಟ್ಟೆಯ ಬಿಳಿಭಾಗದಂಥ ಲೋಳೆ, ವರ್ಷದಿಂದ ಹೋಗುತ್ತಲೇ ಇತ್ತು. ತಾಯಿ ಸತ್ತದ್ದು ಕರುಳಿನ ಕ್ಯಾನ್ಸರಿನಿಂದ. ಬಾಯಿಬಿಟ್ಟರೆ ಅದೇ ಹೆಸರು ತನಗೂ ಅಂಟೀತೆಂದು ಲೆಸಿಯೇಲಿಗೆ ಜೀವಭಯ.

ರಕ್ತದ ವರದಿ ನೋಡಿದ ಡಾಕ್ಟರ್ ಕುರ್ಚಿ ಹತ್ತಿರಕ್ಕೆಳೆದಳು. "ಮೈಯಲ್ಲಿನ ಉಪ್ಪು, ಪೊಟ್ಯಾಸಿಯಂ ಎಲ್ಲಾ ಸೋರಿಹೋಗಿದೆ. ಹೃದಯ ನಿಂತುಬಿಡಬಹುದು. ಒಂದು ದಿನದ ಭೇದಿಗೆ ಹೀಗಾಗಲ್ಲ."

"ನಿನ್ನೆಯಿಂದ್ಲೇ," ಅಂದಳು ಲೆಸಿಯೇಲಿ. ಎದೆ ಅಡ್ಡಾದಿಡ್ಡಿ ಹೊಡೆದುಕೊಳ್ಳುತ್ತಿತ್ತು.

ಕಿಟಕಿಯಾಚೆಯಿಂದ ದನಿ ಬಂತು. ಸಟೇಕಿ ಬಂದರಿನತ್ತ ಮುಖ ಮಾಡಿ, ಒಳಗಿನವರಿಗೆ ಬೆನ್ನು ಕೊಟ್ಟು ನಿಂತಿದ್ದ.

"ಪಸೆಮಾಟ, ಡಾಕ್ಟ್ರಿಗೆ ಹೇಳು. ಹೋದ ಕ್ರಿಸ್ಮಸ್ಸಿಂದ ಅವಳ ಹಿತ್ತಿಲ ಕಕ್ಕಸಿನ ಬಾಗಿಲು ಬಡ್ಕೋತಾನೇ ಇದೆ. ಅಲ್ಲಿನ ಡ್ರಮ್ಮಿಗೆ ನೀರು ತುಂಬಿಸ್ತಿರೋನು ನಾನೇ." ಅವನ ದನಿ ಒಡೆಯಿತು. "ಅಮ್ಮನ ಹಾಗೆ ಇವಳೂ ಹೋಗ್ಬಿಟ್ರೆ, ಈ ಮರ್ಯಾದೆ ಕಟ್ಕೊಂಡು ನಾನೇನು ಮಾಡ್ಲಿ?"

ಲೆಸಿಯೇಲಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡಳು. ಅದರೊಳಗಿಂದಲೇ ಅಂದಳು: "ಹೌದು. ವರ್ಷವಾಯ್ತು."

ಡಾಕ್ಟರ್ ಗುದದೊಳಗೆ ಪರೀಕ್ಷಿಸಿದಾಗ, ಗ್ಲೌಸು ತೊಟ್ಟ ಬೆರಳಿಗೆ ಪಾಚಿಯಷ್ಟು ಮೆತ್ತನೆಯ ಗಂಟು ಸಿಕ್ಕಿತು. ಡ್ರಿಪ್ ಏರಿಸಿದರು. ಕಾಲಿಗೆ ತ್ರಾಣ ಬಂದ ಮೇಲೆ ವಿಮಾನದಲ್ಲಿ ರಾಜಧಾನಿ ನುಕುಅಲೋಫಾದ ದೊಡ್ಡಾಸ್ಪತ್ರೆಗೆ ಕಳಿಸಿ ಗಂಟು ತೆಗೆಸಿದರು. ಗಂಟು ಕ್ಯಾನ್ಸರೋ ಅಲ್ಲವೋ ಎಂಬ ಪರೀಕ್ಷೆಯ ಫಲಿತಾಂಶಕ್ಕೆ ಲೆಸಿಯೇಲಿ ವಾರ್ಡಿನಲ್ಲಿ ಕಾದಳು. ಹೊರಗೆ, ಜೊತೆಗೆ ಬಂದಿದ್ದ ಸಟೇಕಿಯ ಚಪ್ಪಲಿ ಸದ್ದು ಅತ್ತಿಂದಿತ್ತ ಓಡಾಡುತ್ತಲೇ ಇತ್ತು.

"ಕ್ಯಾನ್ಸರ್ ಅಲ್ಲ," ಎಂದರು ಅಲ್ಲಿನ ಡಾಕ್ಟರು. "ನಿಮ್ಮ ಮೈಯ ನೀರನ್ನೆಲ್ಲ ಸೋರಿಸ್ತಿದ್ದದ್ದು ಆ ಗಂಟೇ."

ಊರಿಗೆ ಮರಳಿದ ಭಾನುವಾರ, ಚರ್ಚು ಮುಗಿಸಿ ಎಲ್ಲರೂ ಊಟಕ್ಕೆ ಕೂತರು. ಸಟೇಕಿ ಆ ತುದಿಯಲ್ಲಿ, ಅಕ್ಕನ ಕಡೆ ನೋಡದೆ, ಹೆಂಡತಿಗೆ ಹೇಳಿದ: "ಇನ್ನೊಂದು ತುಂಡು ಮರಗೆಣಸು ಬೇಕಾ ಕೇಳು."

ಹೆಂಡತಿ ಬಾಯಿ ತೆರೆಯುವ ಮೊದಲೇ ಲೆಸಿಯೇಲಿ ತನ್ನ ಎಲೆಯನ್ನು ಮುಂದಕ್ಕೆ ಸರಿಸಿದಳು.