ಆಟಿಯಲ್ಲಿ ಬಂದ ಲಕೋಟೆ

ನಲವತ್ತೇಳು, ಬಿಲ್ಲಿಂಗ್ ಕೌಂಟರಿನ ಮೇಲಿನ ಕೆಂಪು ಅಂಕಿ ಬದಲಾಯಿತು, ಸುಬ್ರಾಯರ ಚೀಟಿ ಐವತ್ತೆರಡು, ಇನ್ನೂ ಐದು ಜನ, ಈ ಆಸ್ಪತ್ರೆಯಲ್ಲಿ ಕಾಫಿ ಕೂಡ ಯಂತ್ರದ್ದು, ಗುಂಡಿ ಒತ್ತಿದರೆ ಬೀಳುತ್ತದೆ, ಡಿಕಾಕ್ಷನ್ನಿನ ವಾಸನೆಯೇ ಇಲ್ಲ, ಪೆರಂಬೂರಿನ ತಮ್ಮ ಹೋಟೆಲಿನಲ್ಲಿ ಇಂಥದ್ದು ಕೊಟ್ಟಿದ್ದರೆ ರೈಲ್ವೆ ವರ್ಕ್‌ಶಾಪಿನವರು ಲೋಟ ಸಮೇತ ವಾಪಸು ಕಳಿಸುತ್ತಿದ್ದರು — ಎಲ್ಲ ತಾನಾಗಿಯೇ ಆಗುವ ಕಾಲ, ಕಾಫಿ, ಬಾಗಿಲು, ಬಿಲ್ಲು. ಯಾಕೋ ಕುಂಕುಮದ ಬೊಟ್ಟಿಟ್ಟ ಒಂದು ಬಿಳಿ ಲಕೋಟೆ ಕಣ್ಣ ಮುಂದೆ ಬಂದು ಹೋಯಿತು, ಎಲ್ಲಿಯದು ಅದು, ಇರಲಿ. ಮೂರನೇ ಮಹಡಿಯಲ್ಲಿ ಹೆಂಡತಿ ಅಕ್ಕು ಮಲಗಿದ್ದಾಳೆ, ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಶನ್, ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚುವುದಿಲ್ಲವಂತೆ, ಮೂವತ್ತೊಂದು ವರ್ಷ ಅವಳು ಅಡುಗೆಮನೆ ಬಾಗಿಲು ಸರಿಯಾಗಿ ಮುಚ್ಚಿ ಎಂದು ಇವರಿಗೆ ಹೇಳಿದ್ದೇ ಹೇಳಿದ್ದು. ಹೆದರಿಕೆ ಆಗ್ತದಾ ಎಂದು ಕೇಳಿದರೆ, ಎಂತಕ್ಕೆ, ಇನ್ಶೂರೆನ್ಸ್ ಉಂಟಲ್ಲ ಇವ್ರೇ, ಎಂದು ನಕ್ಕಳು. ಹತ್ತೊಂಬತ್ತು ವರ್ಷ ತಪ್ಪದೆ ಕಟ್ಟಿದ ಪಾಲಿಸಿ. ಇನ್ಶೂರೆನ್ಸ್ ಮೇಜಿನ ಹುಡುಗಿ ಮಾತ್ರ ಪರದೆ ನೋಡುತ್ತಲೇ ಹೇಳಿಬಿಟ್ಟಳು, ಪಾಲಿಸಿ ಆಕ್ಟಿವ್ ಇಲ್ಲೈ ಸಾರ್, ಆಗಸ್ಟ್ ಪ್ರೀಮಿಯಂ ವರಲೈ. ಬರದೆ ಏನು, ಅದು ಆಟೋ ಅಲ್ಲವೇ ಅಮ್ಮಾ, ತಾನೇ ಹೋಗ್ತದಲ್ಲ, ಎಂದು ಇವರು ತಮಿಳಿನಲ್ಲಿ ವಾದಿಸಿದ್ದೂ ಆಯಿತು, ಗ್ರೇಸ್ ಮುಡಿಂಜಿರುಚ್ಚು ಸಾರ್, ಗಡುವು ಮುಗಿದು ಮೂರು ವಾರ ಆಯಿತು ಎಂದು ಅವಳು ದಿನಾಂಕ ತೋರಿಸಿದ್ದೂ ಆಯಿತು.

ನಲವತ್ತೆಂಟು. ಮೊದಲು ಹೀಗಿರಲಿಲ್ಲ, ಎರಡು ತಿಂಗಳಿಗೊಮ್ಮೆ ಮೀಟರ್ ಬರೆದ ಬಿಳಿ ಕಾರ್ಡು ಹಿಡಿದು ಕರೆಂಟು ಆಫೀಸಿನ ಸಾಲಿನಲ್ಲಿ ನಿಲ್ಲಬೇಕು, ಪ್ರೀಮಿಯಂ ಕಟ್ಟಲು ಮೌಂಟ್ ರೋಡಿಗೆ ಬಸ್ಸು, ರಸೀದಿ ತಂದು ಅಕ್ಕುವಿಗೆ ತೋರಿಸಬೇಕು, ಅವಳು ಅದನ್ನು ದೇವರ ಫೋಟೋದ ಹಿಂದಿನ ಫೈಲಿಗೆ ಸೇರಿಸಬೇಕು. ಒಂದು ಭಾನುವಾರ ಮಗಳು ಹರ್ಷಿಣಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಎಲ್ಲವನ್ನೂ ಆಟೋ ಮಾಡಿಕೊಟ್ಟಳು, ಇನ್ನು ಜಾಲಿಯಾ ಇರಿ ಅಪ್ಪಾ, ನೀವು ಮರೆತ್ರೂ ಅದು ಮರೆಯಲ್ಲ, ಕರೆಂಟು ಫೋನು ಎಲ್ಲ ಬ್ಯಾಂಕಿಂದ, ಇನ್ಶೂರೆನ್ಸ್ ಒಂದು ಮಾತ್ರ ಕ್ರೆಡಿಟ್ ಕಾರ್ಡಲ್ಲಿ, ಪಾಯಿಂಟ್ಸ್ ಬರತ್ತೆ. ಸುಖವೇ ಆಗಿತ್ತು, ಸುಳ್ಳು ಹೇಳಬಾರದು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚುವ ಅಭ್ಯಾಸ ಬಂದದ್ದೇ ಆ ಮೇಲೆ. ಫೋನಿಗೆ ಮೆಸೇಜು ಬರುತ್ತಿತ್ತು, ಸಾಲ ಬೇಕೇ, ಸೈಟು ಬೇಕೇ, ನಿಮ್ಮ ಪಾವತಿ ವಿಫಲ — ಅದೂ ಬಂದಿರಬೇಕು, ಆ ಕಸದ ನಡುವೆ ಯಾರು ಓದುತ್ತಾರೆ. ನಲವತ್ತೊಂಬತ್ತು. ಒಂದು ಗಂಟೆಯ ಹಿಂದೆ ಪೆರುಂಗುಡಿಯ ಅವಳ ಆಫೀಸಿಗೆ ಫೋನ್ ಮಾಡಿ ಹರ್ಷಿಣಿಗೆ ಬೈದದ್ದು ಈ ಸಾಲಿನವರೆಲ್ಲ ಕೇಳಿಸಿಕೊಂಡಿರಬೇಕು, ಎಂತ ಆಟೋ ಮಾರಾಯ್ತಿ ನಿಂದು, ಅಮ್ಮನ ಜೀವದ ಪ್ರಶ್ನೆ, ನಿನ್ನನ್ನು ನಂಬಿ ಕೂತೆನಲ್ಲ. ಅವಳು, ಸಾರಿ ಅಪ್ಪಾ, ನಂದೇ ತಪ್ಪು, ನಾನೇ ಚೆಕ್ ಮಾಡಬೇಕಿತ್ತು, ಎಂ.ಎಸ್ ಓದೋದಕ್ಕೆ ಇಟ್ಟ ಎಫ್.ಡಿ ಇದೆ, ಅದನ್ನ ಒಡೆಸ್ತೀನಿ, ಆಪರೇಶನ್ ನಿಲ್ಲೋದು ಬೇಡ, ಮನೆಗೆ ಹೋಗಿ ಅಮ್ಮನ ಹಳೇ ರಿಪೋರ್ಟ್ ತಗೊಂಡು ಬರ್ತೀನಿ. ಇವರು ಹ್ಞೂಂ ಎಂದರು. ಬೇಡ ಎನ್ನಲಿಲ್ಲ. ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿದ ದುಡ್ಡು, ಹೊಸ ಚಪ್ಪಲಿ ತೆಗೆದುಕೊಳ್ಳಲೂ ಲೆಕ್ಕ ಹಾಕುವ ಹುಡುಗಿ.

ಐವತ್ತು. ಮತ್ತೆ ಆ ಲಕೋಟೆ, ಈ ಬಾರಿ ಹೋಗುವುದಿಲ್ಲ, ಕೊರಿಯರಿನವನ ಕೈಯಿಂದ ಅವರ ಕೈಗೆ ಬರುತ್ತದೆ, ಬ್ಯಾಂಕಿನದು, ಒಳಗೆ ಗಟ್ಟಿಯಾಗಿ ಕಾರ್ಡು ತಾಗುತ್ತದೆ, ಹಳೆಯದರ ಅವಧಿ ಜುಲೈಗೆ ಮುಗಿಯುತ್ತದೆ, ಆದರೆ ಆಟಿ, ಕರಾವಳಿಯ ಊರಿನವರು ಹೊಸದೇನನ್ನೂ ಶುರು ಮಾಡದ ತಿಂಗಳು, ತಮಿಳರಿಗೂ ಆಡಿ, ಅವರೂ ಮಾಡುವುದಿಲ್ಲ, ಈ ಒಂದು ವಿಷಯದಲ್ಲಿ ಮಾತ್ರ ಎರಡು ಊರೂ ಒಂದೇ — ಹೊಸ ಮಿಕ್ಸಿಗಾಗಲಿ ಲೆಕ್ಕದ ಪುಸ್ತಕಕ್ಕಾಗಲಿ ಇಡುವ ಹಾಗೆ ಬೆರಳ ತುದಿಯಿಂದ ಒಂದು ಕುಂಕುಮದ ಬೊಟ್ಟು, ಆಟಿ ಮುಗಿಯುವ ಸಂಕ್ರಮಣ ಕಳೆದ ಮೇಲೆ ಒಡೆದರಾಯಿತು ಎಂದು ದೇವರ ಫೋಟೋದ ಹಿಂದೆ, ಫೈಲಿನ ಪಕ್ಕ. ಹರ್ಷಿಣಿ ಕೇಳಿದ್ದಳಲ್ಲ. ಕೇಳಿದ್ದಳು. ಹೊಸ ಕಾರ್ಡ್ ಬಂತಾ ಅಪ್ಪಾ, ಬಂದ್ರೆ ಹೇಳಿ, ಇನ್ಶೂರೆನ್ಸ್ ಆಟೋಲಿ ಹಳೇ ನಂಬರ್ ತೆಗೆದು ಹೊಸದು ಹಾಕಬೇಕು. ಬಂದಿಲ್ಲ, ಬರ್ಲಿ, ಹೇಳ್ತೇನೆ, ಎಂದಿದ್ದರು ಇವರು, ಆಟಿ ಎಂದರೆ ನಗುತ್ತಾಳೆ ಎಂದು. ಆಮೇಲೆ ಚೌತಿ, ಮೂರು ಸಾವಿರ ಮೋದಕದ ಆರ್ಡರು, ಸಂಕ್ರಮಣ ಯಾವಾಗ ಕಳೆಯಿತೋ ದೇವರೇ ಬಲ್ಲ. ಈಗಲೇ ಫೋನ್ ಮಾಡಿ ಹೇಳಬೇಕು, ತಪ್ಪು ನಿಂದಲ್ಲ ಮಗಾ ಎಂದು, ಅವಳು ಮನೆ ಮುಟ್ಟುವ ಮೊದಲು — ಐವತ್ತೊಂದು — ಫೋನು ತಾನಾಗಿಯೇ ಹೊಡೆದುಕೊಂಡಿತು. ಅಪ್ಪಾ, ಫೈಲ್ ಸಿಕ್ತು, ದೇವರ ಫೋಟೋ ಹಿಂದೇನೇ ಇತ್ತು. ಹ್ಞೂಂ. ಮತ್ತೆ ಪಕ್ಕದಲ್ಲಿ ಒಂದು ಕವರ್ ಇದೆ. ಬ್ಯಾಂಕ್‌ದು ಅಪ್ಪಾ, ಒಡೆದೇ ಇಲ್ಲ. ಗೋಡೆಯ ಮೇಲೆ ಐವತ್ತೆರಡು ಎಂದು ಬಂತು, ಯಾರೋ ಸಾರ್ ಎಂದು ಕರೆದರು, ಸುಬ್ರಾಯರಿಗೆ ಕಾಣುತ್ತಿದ್ದದ್ದು ಬಿಳಿ ಲಕೋಟೆ, ಅದರ ಮೇಲೆ ಅವರದೇ ಬೆರಳಿನ ಗುರುತು, ಒಣಗಿದ ಕುಂಕುಮ.