ಮುಂದಿನ ಚಕ್ರದ ಬೆಸುಗೆ

ಹಳೆಯ ಸೈಕಲ್ ರಿಮ್ಮಿನ ವಿಷಯದಲ್ಲಿ ಈ ಮೆಕ್ಯಾನಿಕ್‌ನ ಮಾತಿಗೆ ಎದುರಿರಲಿಲ್ಲ. ಕಡ್ಡಿಯ ತೂತು ಎಣಿಸಿ, ಅಂಚಿನ ಮಡಿಕೆಯ ಮೇಲೆ ಬೆರಳಾಡಿಸಿ, ಸವೆದ ಅಚ್ಚು ಓದಿ, ಅದರ ಜಾತಕವನ್ನೇ ಬಿಚ್ಚಿಡುತ್ತಿದ್ದ. ಬಣ್ಣ ಕೆರೆದು ಬರಿ ಲೋಹವನ್ನು ಗಿರಾಕಿಗೆ ತೋರಿಸದೆ ಹೊಸ ಬಣ್ಣ ಹಚ್ಚುತ್ತಿರಲಿಲ್ಲ. "ಬಣ್ಣ ಸುಳ್ಳು ಹೇಳುತ್ತೆ" ಎಂಬ ಉಪದೇಶ ಬೇರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅಮ್ಮ ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ ಹಸಿರು ರಿಮ್ಮೊಂದನ್ನು ಅವನ ಅಕ್ಕ ಅಂಗಡಿಗೆ ತಂದಿಟ್ಟಿದ್ದಳು.

"ಎಷ್ಟು ಹಳೇದು ನೋಡಿ ಹೇಳೋ. ಚೆನ್ನಾಗಿ ಮಾಡಿಕೊಡು. ಅಮ್ಮನ ಕೈ ಮುರಿದ ಚಕ್ರ ಇದು. ಗೋಡೆಗೆ ಹಾಕ್ಕೊಂಡು ದಿನಾ ಒಂದ್ಸಲ ತಪ್ಪಾಯ್ತು ಅಂತೀನಿ. ಬದುಕಿದ್ದಾಗ ಅವಳು ಕೇಳಿಸ್ಕೊಳ್ಳಲೇ ಇಲ್ಲ."

ನಲವತ್ತು ವರ್ಷದ ಹಿಂದೆ ಅಕ್ಕ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಇಳಿಜಾರಿನಲ್ಲಿ ಬಿದ್ದಿದ್ದಳು. ಅಮ್ಮನ ಬಲಗೈ ಸೊಟ್ಟಗೇ ಉಳಿಯಿತು. "ಇವಳ ಕಣ್ಣು ನೆತ್ತಿ ಮೇಲಿತ್ತು" ಎಂದು ಅಮ್ಮ ಕೊನೆಯವರೆಗೂ ಹಂಗಿಸಿದಳು. ಅಕ್ಕ ಮತ್ತೆ ಸೈಕಲ್ ಮುಟ್ಟಲಿಲ್ಲ.

ಅವನು ಉಪ್ಪುಕಾಗದ ಹಿಡಿದು ಕೂತ. ಎಲ್ಲಿ ಉಜ್ಜಬೇಕೆಂದು ಹುಡುಕಬೇಕಾಗಿರಲಿಲ್ಲ. ಹನ್ನೊಂದನೇ ತೂತಿನ ಬಳಿ ಹಸಿರು ಎದ್ದು ಹಳದಿ ಕಾಣಿಸಿತು. ಹಿತ್ತಾಳೆಯ ಬೆಸುಗೆ, ಅದರ ನಟ್ಟನಡುವೆ ಬಿರುಕು. ಆಗ ಅವನಿಗೆ ಹತ್ತೊಂಬತ್ತು. ಕೆಲಸ ಕಲಿತು ವರ್ಷವಾಗಿರಲಿಲ್ಲ, ಜಂಬ ಮಾತ್ರ ಆಳೆತ್ತರ. ರಿಮ್ ಬಿರುಕು ಬಿಟ್ಟಿದೆ, ಬೇರೆ ಹಾಕಿಸು ಎನ್ನುವ ಬದಲು ಬೆಸೆದು, ಅರ ಹಾಕಿ ನಯ ಮಾಡಿ, ಬಣ್ಣ ಬಳಿದು ಅಕ್ಕನಿಗೆ ಕೊಟ್ಟಿದ್ದ. ಬಿದ್ದ ದಿನ ಬೆಸುಗೆ ಬಿಟ್ಟಿದ್ದನ್ನು ಕಂಡವನೂ, ಮತ್ತೆ ಬಣ್ಣ ಹಚ್ಚಿ ಅಟ್ಟಕ್ಕೆ ಸೇರಿಸಿದವನೂ ಅವನೇ. ನಾಳೆ ಹೇಳೋಣ ಎಂದುಕೊಂಡಿದ್ದ. ಆ ನಾಳೆ ಬರಲೇ ಇಲ್ಲ.

ಈಗಲೂ ದಾರಿ ಇತ್ತು. ಹಸಿರು ಬಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು. ಎರಡು ಸಲ ಕುಂಚ ಅದ್ದಿದ. ಆ ಬಣ್ಣದ ಎದುರು ಅಕ್ಕ ದಿನಾ ನಿಂತು ತಪ್ಪಾಯ್ತು ಎನ್ನುವುದು ಕಣ್ಮುಂದೆ ಬಂತು. ಡಬ್ಬಿ ಮುಚ್ಚಿದ.

ಸಂಜೆ ಅಕ್ಕ ಬಂದಳು. "ಏನಂತೆ ಇದರ ವಯಸ್ಸು?"

"ಅರವತ್ತು ದಾಟಿದೆ ಅಕ್ಕಾ. ಈ ಹಳದಿ ಮಾತ್ರ ನಲವತ್ತು ವರ್ಷದ್ದು. ನಾನು ಹಾಕಿದ್ದು." ಉಳಿದದ್ದನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ.

ಅಕ್ಕ ಬಿರುಕಿನ ಮೇಲೆ ಉಗುರು ಆಡಿಸಿದಳು. "ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಅವಳು ನನ್ನ ಬೈತಿದ್ದಾಗ ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ."

"ಹೌದು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನು ಕೂರುವ ಸ್ಟೂಲಿನ ಎದುರು ಗೋಡೆಯಲ್ಲಿದ್ದ ಖಾಲಿ ಮೊಳೆಯನ್ನು ತೋರಿಸಿದಳು.

"ನನ್ನ ಗೋಡೆಗೆ ಬೇಡ. ಅಲ್ಲಿ ಹಾಕು. ಬಣ್ಣ ಹಚ್ಚಬೇಡ."

ಬಾಗಿಲ ಬಳಿ ರಿಪೇರಿ ಮುಗಿದ ಸೈಕಲ್ಲೊಂದು ನಿಂತಿತ್ತು. ನಲವತ್ತು ವರ್ಷದ ಮೇಲೆ ಮೊದಲ ಸಲ ಅಕ್ಕ ಅದರ ಹ್ಯಾಂಡಲ್ ಹಿಡಿದು, ಬೆಲ್ ಮೇಲೆ ಹೆಬ್ಬೆರಳಿಟ್ಟು, ಒಂದಿಷ್ಟು ಹೊತ್ತು ನಿಂತಳು. ಆಮೇಲೆ ಕೈಬಿಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ನಡೆದೇ ಹೋದಳು.