ಕುಂಡದ ಮಣ್ಣು

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಗಾಜಿನ ತಟ್ಟೆಯ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಔಷಧದ ಬಿಲ್ಲೆಯ ಸುತ್ತ ಕ್ರಿಮಿಗಳು ಸತ್ತು ಖಾಲಿ ಉಂಗುರವೊಂದು ಕಾಣಬೇಕಿತ್ತು. ಇಲ್ಲ. ಕ್ರಿಮಿಗಳು ಬಿಲ್ಲೆಗೇ ಆತುಕೊಂಡು ಬೆಳೆದಿದ್ದವು. ಮೇಲಿನ ವಾರ್ಡಿನಲ್ಲಿ ಮಾವನಿಗೆ ಚುಚ್ಚುತ್ತಿದ್ದ ಅದೇ ಔಷಧದ ಇಂಜೆಕ್ಷನ್ ನೀರಿಗೆ ಸಮ ಎಂದಾಯಿತು.

"ಔಷಧಿ ಹಿಡೀಲಿಲ್ಲ ಅಂದ್ರೆ ಹೆಬ್ಬೆರಳು ತೆಗೀಲೇಬೇಕಮ್ಮ, ಕೈಯಾದ್ರೂ ಉಳೀಲಿ" ಎಂದಿದ್ದರು ಸರ್ಜನ್. ಸಸಿ ಬೆಳೆಸಿ ಮಾರುವ ಮಾವ ಹೆಬ್ಬೆರಳಿಲ್ಲದೆ ಕಸಿ ಕಟ್ಟುವುದು ಹೇಗೆ? ಕಸಿ ಚಾಕು ಜಾರಿಯೇ ಗಾಯವಾಗಿತ್ತು.

ಅವಳು ಗಾಯದ ಕೀವು ಹಚ್ಚಿ ಕ್ರಿಮಿ ಬೆಳೆಸಿದ್ದ ಮೊದಲ ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದಳು. ಸುಕ್ಕುಗಟ್ಟಿದ ದೊಡ್ಡ ಚುಕ್ಕೆಗಳು. ಅವುಗಳ ಸಂದಿಯಲ್ಲಿ ಹೊಳೆಯುವ ಸಣ್ಣವು. ಗಾಬರಿಯಲ್ಲಿ ದೊಡ್ಡದನ್ನೇ ಎತ್ತಿ ಪರೀಕ್ಷೆಗೆ ಹಾಕಿದ್ದಳು. ಈಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಮಣ್ಣಲ್ಲಿ ಬದುಕುವ ಜಾತಿ! ಸಣ್ಣವನ್ನು ಹೊಸ ತಟ್ಟೆಗೆ ಹಚ್ಚಿ, ನಡುವೆ ಅದೇ ಔಷಧದ ಬಿಲ್ಲೆ ಇಟ್ಟು, ಸರ್ಜನ್ ಬಳಿ ಒಂದು ದಿನ ಬೇಡಿಕೊಂಡು, ವಾರ್ಡಿಗೆ ಓಡಿದಳು.

"ಮಾವ, ಗಾಯಕ್ಕೆ ಏನು ಹಚ್ಚಿದ್ರಿ?"

"ಏನಿಲ್ವಲ್ಲ."

"ನನ್ನ ಮುಖ ನೋಡಿ ಹೇಳಿ."

ಮಾವ ಕಿಟಕಿ ನೋಡಿದರು. "ರಕ್ತ ನಿಲ್ಲಲಿ ಅಂತ ಕುಂಡದ ಹಸಿ ಮಣ್ಣು ಒಂಚೂರು ಒತ್ತಿದೆ. ಯಾವಾಗ್ಲೂ ಒತ್ತೋದೇ. ನಿಮ್ಮತ್ತೆಗೆ ಹೇಳ್ಬೇಡ, ಚರ್ಮ ಸುಲೀತಾಳೆ."

ಅವಳಿಗೆ ನಗು, ಅಳು ಒಟ್ಟಿಗೇ ಬಂತು. "ಔಷಧಿಗೆ ಜಗ್ಗದೆ ಬೆಳೆದದ್ದು ಆ ಮಣ್ಣಿನ ಕ್ರಿಮಿ ಮಾವ. ಇಂಥ ಔಷಧಿ ಮೊದಲು ಸಿಕ್ಕಿದ್ದೇ ಅಂಥ ಕ್ರಿಮಿಗಳಿಂದ. ಪಕ್ಕದವರನ್ನ ಕೊಲ್ಲೋಕೆ ತಯಾರಿಸ್ತವೆ. ತಮಗೇ ತಗುಲಬಾರದಲ್ಲ, ಅದಕ್ಕೊಂದು ಕಿಣ್ವ ಇಟ್ಕೊಂಡಿರ್ತವೆ. ಅದು ಔಷಧಿಗೆ ಏನೋ ಒಂದು ಚೂರು ಅಂಟಿಸಿಬಿಡುತ್ತೆ. ಆಮೇಲೆ ಔಷಧಿ ಹೋಗಿ ಕೂರಬೇಕಾದಲ್ಲಿ ಕೂರೋಕೇ ಆಗಲ್ಲ."

"ಬೀಗದ ಕೈಗೆ ಅರಗು ಮೆತ್ತಿದ ಹಾಗೆ."

"ಹಾಗೇ."

"ಖದೀಮರು! ಸರಿ, ನನ್ನ ಬೆರಳಿನ ಕತೆ?"

"ಗಾಯ ಕೆಡಿಸಿದ್ದು ಅದರ ಜೊತೆ ಬೆಳೆದ ಇನ್ನೊಂದು, ಸಣ್ಣ ಜಾತಿ. ಅದಕ್ಕೆ ಈ ವಿದ್ಯೆ ಗೊತ್ತಿದೆಯೋ ಇಲ್ವೋ ನಾಳೆ ನೋಡ್ಬೇಕು."

ಮರುದಿನ ಅವಳು ಹೊಸ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಬಿಲ್ಲೆಯ ಸುತ್ತ ಅಗಲವಾದ, ಚೊಕ್ಕ ಉಂಗುರ. ಕ್ರಿಮಿಯ ಸುಳಿವೇ ಇಲ್ಲ. ಸರ್ಜನ್ ತಾವೂ ತಿರುಗಿಸಿ ತಿರುಗಿಸಿ ನೋಡಿ, "ಬೆರಳು ಇರ್ಲಿ ಬಿಡಿ" ಎಂದರು. ಅವಳು ಮೇಲಕ್ಕೆ ಓಡಿದಳು.

ವಾರ್ಡಿನಲ್ಲಿ ಸುದ್ದಿ ಕೇಳಿದ ಮಾವ ಮುಖ ಗೋಡೆಯತ್ತ ಹೊರಳಿಸಿ, ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಹೊಡೆದರು. ಅವರ ಇನ್ನೊಂದು ಕೈಯ ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣು ಹಾಗೇ ಉಳಿದಿತ್ತು. ಅವಳು ಒದ್ದೆ ಹತ್ತಿ ತಂದು, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಉಗುರು ಒರೆಸತೊಡಗಿದಳು.